ಅಧ್ಯಕ್ಷೆಯ ಹದಿನೈದು ನಿಮಿಷ

ಜೂನ್ 11, ಬೆಳಿಗ್ಗೆ 6:40

ಮೂರನೇ ಡಬ್ಬಿ ತುಂಬಿತು. ಪುಟ್ಟ ಚಮಚದಿಂದ ಎರಡು ಸಲ, ಗೆರೆ ಮುಟ್ಟುವಷ್ಟು. ಮುಚ್ಚಳ ಬಿಗಿ. ಲೇಬಲ್ ಮೇಲೆ ನಂಬರು, ತಾರೀಖು, ಗಂಟೆ. ಒಂದು ಕವರು, ಅದರ ಮೇಲೆ ಇನ್ನೊಂದು ಕವರು, ಫ್ರೀಜರಿನ ಎಡಮೂಲೆ. ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದ ಕೈ ಇದು. ಈಗ ಮೊಮ್ಮಗಳ ಕಕ್ಕಕ್ಕೆ ಅಂಟಿಸುತ್ತಿದೆ. ಬಡ್ತಿಯೋ ಹಿಂಬಡ್ತಿಯೋ...

ಅಳಿಯ ಐಸ್ ತೆಗೆಯಲು ಬಂದವನು ಫ್ರೀಜರಿನ ಮುಂದೆ ನಿಂತೇಬಿಟ್ಟ. ಲಿಫ್ಟ್ ರಿಪೇರಿ ಮಾಡುವವನು. ಹನ್ನೆರಡನೇ ಮಹಡಿಯಲ್ಲಿ ತಂತಿ ಹಿಡಿದು ನಿಲ್ಲುತ್ತಾನೆ, ಈ ಡಬ್ಬಿಗೆ ಹೆದರುತ್ತಾನೆ.

"ಅತ್ತೆ, ಐಸ್‌ಕ್ರೀಮ್ ಯಾವುದು, ಇದು ಯಾವುದು, ಒಂದು ಸಲ ಸರಿಯಾಗಿ ತೋರಿಸಿಬಿಡಿ."

"ಲೇಬಲ್ ಹಾಕಿದೀನಲ್ಲಪ್ಪ. ಓದು."

"ಓದ್ತೀನಿ. ಕರೆಂಟ್ ಹೋದಾಗ ಏನು ಮಾಡ್ಲಿ?"

ಒಳಗಿನಿಂದ ಮಗಳು ನಕ್ಕಳು. ಅಧ್ಯಕ್ಷೆ ನಗಲಿಲ್ಲ. ಏಳು ವಾರದ ಹೆಣ್ಣು ಕೂಸು. ಮನೆಯಲ್ಲಿ ಎಲ್ಲರೂ ಅವಳ ಅಪ್ಪಣೆಗೆ ಕಾಯುವುದರಿಂದ ಆ ಹೆಸರು ಬಿತ್ತು, ಅಂಟಿಕೊಂಡಿತು.

ಜೂನ್ 13

ಡಬ್ಬಿ ಮೇಡಂ ಬಂದು ಮೂರೂ ಡಬ್ಬಿ ಒಯ್ದಳು. ನೀಲಿ ಐಸ್ ಪೆಟ್ಟಿಗೆ, ಸ್ಕೂಟರು, ಸದಾ ಬೆವರುವ ಮೂಗು. ಆಸ್ಪತ್ರೆಯ ಸಂಶೋಧನಾ ವಿಭಾಗದ ನರ್ಸು. ಮುನ್ನೂರು ಕೂಸುಗಳ ಮನೆಗೆ ಹೀಗೆ ಸುತ್ತುತ್ತಾಳೆ.

ವಿಷಯ ಇಷ್ಟು. ವಾಂತಿಭೇದಿ ತರುವ ಒಂದು ವೈರಸ್ಸಿನ ವಿರುದ್ಧ ಮಕ್ಕಳಿಗೆ ಬಾಯಿಗೆ ಹನಿ ಹಾಕುತ್ತಾರೆ. ನಾಲ್ಕು ವಾರಕ್ಕೊಂದರಂತೆ ಮೂರು ಡೋಸು. ಕೆಲವು ಮಕ್ಕಳಿಗೆ ಹಿಡಿಯುತ್ತದೆ, ಕೆಲವಕ್ಕೆ ಹಿಡಿಯುವುದಿಲ್ಲ. ಅದೇ ಹನಿ, ಅದೇ ಸೀಸೆ. ಯಾಕೆ? ಕರುಳಿನಲ್ಲಿ ಮೊದಲೇ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳಿಗೂ ಇದಕ್ಕೂ ಏನಾದರೂ ನಂಟಿದೆಯೇ ಎಂದು ನೋಡುತ್ತಿದ್ದಾರೆ. ಅದಕ್ಕೇ ಈ ಡಬ್ಬಿ. ಕೊನೆಗೆ ಒಂದಿಷ್ಟು ರಕ್ತ ತೆಗೆದು, ಯಾರ ಮೈ ಹನಿಯ ಪಾಠ ಕಲಿತಿದೆ ಎಂದು ಲೆಕ್ಕ.

"ಹನಿಯಲ್ಲಿರೋದು ಜೀವ ಇರೋ ವೈರಸ್ಸೇ, ಆದ್ರೆ ಬಲ ತೆಗೆದಿರೋದು," ಅಂದಳು. "ಅದು ಕರುಳಲ್ಲಿ ನಾಲ್ಕು ದಿನ ನಿಂತು ಬೆಳೀಬೇಕು. ಆಗಲೇ ಮೈ ಅದರ ಗುರುತು ಹಿಡಿಯೋದು."

"ರೀಡಿಂಗ್ ರೂಮ್ ಇದ್ದ ಹಾಗೆ," ಅಂದೆ. "ಹೊಸಬ ಬಂದ. ಕುರ್ಚಿ ಎಲ್ಲಾ ಭರ್ತಿ. ಮೂಲೇಲಿ ಇಬ್ಬರು ಜಗಳ ಆಡ್ತಿದಾರೆ. ನಿಂತು ನೋಡಿ ಹೊರಟುಹೋದ. ನಾಳೆ ಅವನ ತಮ್ಮ ಬಂದ್ರೆ ಗುರುತು ಹಿಡಿಯೋರು ಯಾರು?"

"ಅಮ್ಮಾ, ಇದನ್ನ ನಮ್ಮ ಡಾಕ್ಟರಿಗೆ ಹೇಳ್ತೀನಿ." ನಂತರ ಮೂಗು ಒರೆಸಿಕೊಂಡು, "ಆದ್ರೆ ನಂಟು ಇದೆ ಅನ್ನೋದು ಬೇರೆ, ಅದೇ ಕಾರಣ ಅನ್ನೋದು ಬೇರೆ. ಅದಿನ್ನೂ ಗೊತ್ತಿಲ್ಲ."

ಗೊತ್ತಿಲ್ಲ ಎನ್ನುವ ಆಸ್ಪತ್ರೆಯವರನ್ನು ಈ ಅರವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಟೀ ಕೊಟ್ಟೆ. ಎರಡು ಬಿಸ್ಕತ್ತು ಜಾಸ್ತಿ ಇಟ್ಟೆ.

ಜೂನ್ 19, ಸಂಜೆ

ಅಧ್ಯಕ್ಷೆಯ ವಾರದ ತೂಕ. ತಮ್ಮನ ಅಂಗಡಿಯಲ್ಲಿ.

ಅವನದು ತಕ್ಕಡಿ ರಿಪೇರಿ. ಗೋಡೆ ತುಂಬ ಸ್ಪ್ರಿಂಗು, ಮುಳ್ಳು, ಹಿತ್ತಾಳೆ ತಟ್ಟೆ. ಊರಿನ ಅರ್ಧ ಅಂಗಡಿಗಳ ತಕ್ಕಡಿ ಅವನ ಕೈಯಲ್ಲಿ ಹಾದುಹೋಗಿದೆ. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಅವನಿಗೆ ನಂಬಿಕೆಯಿಲ್ಲ. ನಲವತ್ತು ಗ್ರಾಂ ಸುಳ್ಳು ಹೇಳುತ್ತದಂತೆ.

"ನಾಲ್ಕು ಕಿಲೋ ಆರುನೂರ ಎಪ್ಪತ್ತು," ಅಂದ. "ಚಡ್ಡಿ ಎಂಬತ್ತು ಕಳೆದ್ರೆ ನಾಲ್ಕು ಐನೂರ ತೊಂಬತ್ತು. ಅಕ್ಕಾ, ನಿನ್ನ ಕೋಪ ಈ ತಟ್ಟೆ ಮೇಲಿಟ್ರೆ ಮುಳ್ಳು ಮುರೀತದೆ. ಇವತ್ತು ಯಾರ ಮೇಲೆ?"

"ಬಸ್ ಸ್ಟ್ಯಾಂಡಿನ ನಲ್ಲಿ. ಮೂರು ವಾರದಿಂದ ಸೋರ್ತಿದೆ. ಪತ್ರಿಕೆಗೆ ಬರೆದೆ."

"ನಲ್ಲಿಗೂ ಓದೋಕೆ ಬರುತ್ತಾ?"

ಸ್ಟೂಲಿನಿಂದ ಇಳಿದು, ಎಡ ತೊಡೆಯ ಮೇಲೆ ಕೈ ಊರಿ, ಅಧ್ಯಕ್ಷೆಯನ್ನು ಎತ್ತಿಕೊಂಡ. ಆ ಕಾಲು ಅವನಿಗೆ ಹತ್ತು ತಿಂಗಳಾಗಿದ್ದಾಗ ಹೋಯಿತು. ಪೋಲಿಯೊ. ಮೂರು ಹೆಜ್ಜೆ ನಡೆಯಲು ಆಗ ತಾನೇ ಕಲಿತಿದ್ದ. ಅವನು ಕೈಯೂರುವುದನ್ನು ಅರವತ್ತು ವರ್ಷದಿಂದ ನೋಡುತ್ತಿದ್ದೇನೆ. ಅಭ್ಯಾಸವಾಗಬೇಕಿತ್ತು.

ಇರಲಿ. ಮಗು ತೂಕ ಏರುತ್ತಿದೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಬರೆಯಬೇಕಾದ್ದು ಇಷ್ಟೇ.

ಜೂನ್ 27

ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಒಂದೂವರೆ ಪುಟ ಬರೆದೆ. ಹನಿ ಹಾಕಿಸಿದ ಮೇಲೆ ಮಗುವನ್ನು ನೆಟ್ಟಗೆ ಹಿಡಿದು ನೀಲಿ ಕುರ್ಚಿಯಲ್ಲಿ ಹದಿನೈದು ನಿಮಿಷ ಕೂರಬೇಕು ಎಂದು ನಿಯಮ. ಉಗಿದರೆ ಅಲ್ಲೇ ಹೇಳಬೇಕು, ಇನ್ನೊಮ್ಮೆ ಹಾಕುತ್ತಾರೆ. ಆದರೆ ಕಳೆದ ಸಲ, ಮೊದಲ ಡೋಸಿನ ದಿನ, ನೋಡಿದೆ: ಐದು ನಿಮಿಷಕ್ಕೇ ಎದ್ದು ಹೋಗುವವರು, ಫೋನ್ ಹಿಡಿದು ಅಡ್ಡಾಡುವವರು. "ನಾಗರಿಕರ ಈ ಬೇಜವಾಬ್ದಾರಿಯನ್ನು ಇಲಾಖೆ ಇನ್ನೆಷ್ಟು ದಿನ ಸಹಿಸಿಕೊಂಡಿರುತ್ತದೆ?" ಎಂದು ಮುಗಿಸಿದೆ. ಚೆನ್ನಾಗಿ ಬಂದಿದೆ. ಮಗಳಿಗೆ ಓದಿ ಹೇಳಿದೆ.

"ಅಮ್ಮಾ, ಪಾಪ ಅವರಿಗೂ ಮನೇಲಿ ಇನ್ನೊಂದು ಮಗು ಇರಬಹುದು."

"ಹದಿನೈದು ನಿಮಿಷ ಕಣೇ. ಅದೇನು ಹದಿನೈದು ವರ್ಷವೇ?"

ಜುಲೈ 2, ಮಧ್ಯಾಹ್ನ 3

ಎರಡನೇ ಡೋಸು. ಮಗಳು ಕನ್ನಡಕದಂಗಡಿಯ ಕೆಲಸಕ್ಕೆ ಮರಳಿದ ಮೊದಲ ವಾರ, ನಾನೊಬ್ಬಳೇ ಕರೆದೊಯ್ದೆ.

11:20ಕ್ಕೆ ಹನಿ. ಅಧ್ಯಕ್ಷೆ ಮುಖ ಸಿಂಡರಿಸಿಕೊಂಡು ನುಂಗಿದಳು. ನೀಲಿ ಕುರ್ಚಿಯಲ್ಲಿ ಕೂತೆ. ಎದುರು ಗೋಡೆಯ ಮೇಲೆ ಹೊಸ ಬೋರ್ಡು. ಕಳೆದ ಸಲ ಇರಲಿಲ್ಲ. ಕೆಂಪು ಅಕ್ಷರ: "ಮಗುವಿಗೆ ರೋಗ ಬಂದರೆ ಮನೆಯವರ ನಿರ್ಲಕ್ಷ್ಯವೇ ಕಾರಣ."

ನಾಲ್ಕು ನಿಮಿಷ ತಡೆದುಕೊಂಡೆ. ಐದನೆಯ ನಿಮಿಷ ಎದ್ದೆ.

ಕೌಂಟರಿನ ಗುಮಾಸ್ತ ಕಿಟಕಿಯ ಆ ಬದಿ. "ಇದನ್ನ ಬರೆಸಿದ್ದು ಯಾರು? ಹನಿ ಹಾಕಿಸಿದ ಮಕ್ಕಳಿಗೂ ಹಿಡಿಯದೆ ಇರುತ್ತೆ, ನಿಮ್ಮದೇ ಆಸ್ಪತ್ರೇಲಿ ಅದರ ಮೇಲೆ ಸಂಶೋಧನೆ ನಡೀತಿದೆ, ನಿಮಗೆ ಗೊತ್ತಿಲ್ವಾ?"

"ಬೋರ್ಡ್ ನಾನು ಬರೆದಿದ್ದಲ್ಲಮ್ಮ."

"ಹಾಗಾದ್ರೆ ತೆಗೆಸಿ."

"ನಾನು ಹಾಕಿಸಿದ್ದೂ ಅಲ್ಲ. ನೋಡಿ, ದಿನಾ ನೂರು ಜನ ಬರ್ತಾರೆ, ನೀವೊಬ್ರೇ ಓದಿದ್ದು. ನೀವೂ ಓದ್ಬೇಡಿ, ಎಲ್ಲಾ ಸರಿಹೋಗುತ್ತೆ."

ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೈ ಬೀಸಿ ಮಾತಾಡುತ್ತಿದ್ದೆ. ಎಷ್ಟು ಹೊತ್ತು, ಗೊತ್ತಿಲ್ಲ. ಮೂರು ನಿಮಿಷ? ಬೆನ್ನು ಬೆಚ್ಚಗಾಯಿತು. ತಿರುಗಿ ನೋಡಿದರೆ ಅಧ್ಯಕ್ಷೆ ಹೊಟ್ಟೆಯಲ್ಲಿದ್ದದ್ದೆಲ್ಲ ನನ್ನ ಹೆಗಲಿಗೆ ಒಪ್ಪಿಸಿ ಶಾಂತಳಾಗಿದ್ದಳು.

ಯಾರೂ ನೋಡಲಿಲ್ಲ. ಗುಮಾಸ್ತ ಫೈಲು ಹುಡುಕುತ್ತಿದ್ದ. ಹನಿ ಹಾಕಿದ ನರ್ಸು ಒಳಗೆ. ಕುರ್ಚಿಯಿಂದ ಎದ್ದದ್ದು ನಾನು. ಐದು ದಿನದ ಹಿಂದೆ ಒಂದೂವರೆ ಪುಟ ಬರೆದವಳು ನಾನು.

ಒರೆಸಿದೆ. ಮನೆಗೆ ಬಂದೆ.

ಜುಲೈ 3

ಬರೆಯಲು ಏನೂ ಇಲ್ಲ.

ಜುಲೈ 7, ಬೆಳಿಗ್ಗೆ

ಇದನ್ನು ಯಾರೂ ಓದುವುದಿಲ್ಲ. ಇಲ್ಲಾದರೂ ಬರೆಯುತ್ತೇನೆ.

ನನಗೆ ಒಂಬತ್ತು ವರ್ಷ. ಶಾಲೆಯ ಹಿಂದಿನ ಕೋಣೆಯಲ್ಲಿ ಪೋಲಿಯೊ ಹನಿ ಹಾಕುತ್ತಿದ್ದರು. ಅಮ್ಮನಿಗೆ ಜ್ವರ. ತಮ್ಮನನ್ನು ಸೊಂಟದ ಮೇಲೆ ಕೂರಿಸಿ ನನ್ನನ್ನು ಕಳಿಸಿದಳು. ಉದ್ದ ಸಾಲು. ರೀಡಿಂಗ್ ರೂಮ್ ಐದಕ್ಕೆ ಮುಚ್ಚುತ್ತಿತ್ತು. ಅಲ್ಲಿ ನಾನು ಅರ್ಧ ಓದಿ ಮುಚ್ಚಿಟ್ಟ ಪುಸ್ತಕ ಇತ್ತು, ಸಮುದ್ರಯಾನದ್ದು, ಹಡಗು ಆಗಷ್ಟೇ ಬಂಡೆಗೆ ತಗುಲಿತ್ತು. ಕೊನೆಗೂ ಹನಿ ಹಾಕಿದರು. ಗುಲಾಬಿ ಬಣ್ಣದ್ದು. ಬಾಗಿಲು ದಾಟುವಷ್ಟರಲ್ಲಿ ತಮ್ಮ ಪುರ್ ಎಂದು ಉಗಿದ. ಎಲ್ಲಾ ಹೊರಗೆ. ತಿರುಗಿ ನೋಡಿದೆ. ಸಾಲು ಇನ್ನೂ ಉದ್ದವಾಗಿತ್ತು. ಫ್ರಾಕಿನ ಅಂಚಿನಿಂದ ಅವನ ಗಲ್ಲ ಒರೆಸಿ ರೀಡಿಂಗ್ ರೂಮಿಗೆ ಓಡಿದೆ. ಹಡಗು ಮುಳುಗಲಿಲ್ಲ. ಮನೆಗೆ ಬಂದು ಫ್ರಾಕು ನಾನೇ ನೀರಿಗೆ ಹಾಕಿದೆ.

ಎಂಟು ವಾರದ ನಂತರ ಅವನಿಗೆ ಜ್ವರ. ನಂತರ ಕಾಲು.

ಆಸ್ಪತ್ರೆಯ ಕಾಂಪೌಂಡರು ಅಮ್ಮನಿಗೆ ಹಾಲ್‌ನಲ್ಲಿ ಎಲ್ಲರ ಮುಂದೆ ಅಂದ, "ಹನಿ ಹಾಕಿಸಿಲ್ಲ, ಈಗ ಅತ್ತು ಏನು ಬಂತು?" ಅಮ್ಮ, "ನನ್ನ ಮಗಳು ಕರಕೊಂಡು ಹೋಗಿದ್ಲು. ಅವಳ ತಂಟೆಗೆ ಬರಬೇಡಿ," ಅಂದಳು. ಅವನು ಚೀಟಿಯಲ್ಲಿ "ತಾಯಿಯ ನಿರ್ಲಕ್ಷ್ಯ" ಎಂದು ಬರೆದ. ಅಮ್ಮ ಆ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಊರಿನ ಪ್ರತಿ ನಲ್ಲಿ, ಪ್ರತಿ ಗುಂಡಿ, ಪ್ರತಿ ಗುಮಾಸ್ತನ ಬಗ್ಗೆ ಬರೆದಿದ್ದೇನೆ. ಇದರ ಬಗ್ಗೆ ಒಂದು ಸಾಲು ಬರೆದಿರಲಿಲ್ಲ.

ಈಗ ಮತ್ತೆ ಅದೇ. ಇನ್ನೂ ಕೆಟ್ಟದ್ದು. ಅಕ್ಟೋಬರಿನಲ್ಲಿ ರಕ್ತ ತೆಗೆಯುತ್ತಾರೆ. ಅಧ್ಯಕ್ಷೆಗೆ ಹನಿ ಹಿಡಿದಿಲ್ಲ ಎಂದು ಬಂದರೆ ಅವರ ಕಂಪ್ಯೂಟರು ಅವಳ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಎಣಿಸಿ ಹೇಳುತ್ತದೆ: ಈ ಜಾತಿಯವು ಹೆಚ್ಚಿದ್ದವು, ಅದಕ್ಕೇ ಇರಬೇಕು. ತಪ್ಪು ನನ್ನ ಹೆಗಲ ಮೇಲೆ ಬಿದ್ದದ್ದು, ಗೂಬೆ ಅವುಗಳ ತಲೆಯ ಮೇಲೆ ಕೂರುತ್ತದೆ. ಬಾಯಿಲ್ಲದ ಜೀವಗಳು. ಸಂಪಾದಕರಿಗೆ ಪತ್ರ ಬರೆಯಲಾರವು.

ಡಬ್ಬಿ ಮೇಡಂ ನಾಡಿದ್ದು ಬರುತ್ತಾಳೆ.

ಜುಲೈ 9, ಮಧ್ಯಾಹ್ನ 12

ಹೇಳಿದೆ.

ಬಾಗಿಲಲ್ಲೇ ಹೇಳಿದೆ, ಅವಳು ಹೆಲ್ಮೆಟ್ ತೆಗೆಯುವ ಮೊದಲೇ. ಕೂತರೆ ಟೀ ಮಾಡುತ್ತೇನೆ, ಟೀ ಮಾಡಿದರೆ ಮಾತು ಬದಲಾಗುತ್ತದೆ ಎಂದು ನನ್ನನ್ನು ನಾನು ಬಲ್ಲೆ.

"ಕುರ್ಚಿ ಬಿಟ್ಟು ಎದ್ದಿದ್ದೆ. ಗುಮಾಸ್ತನ ಹತ್ರ ಜಗಳಕ್ಕೆ. ಎಂಟು ನಿಮಿಷಕ್ಕೆ ಎಲ್ಲಾ ಕಕ್ಕಿದಳು. ಹೇಳದೆ ಬಂದುಬಿಟ್ಟೆ."

ಹೆಲ್ಮೆಟ್ ತೆಗೆದಳು. ಬೈಯಲಿಲ್ಲ. ಚೀಲದಿಂದ ಫಾರಂ ತೆಗೆದು ಬಾಗಿಲಿಗೆ ಆನಿಸಿಕೊಂಡೇ ಬರೆದುಕೊಂಡಳು. ಎಂಟು ನಿಮಿಷ. ಹೆಚ್ಚೂಕಡಿಮೆ ಪೂರ್ತಿ. ನಂತರ ಅವರ ಡಾಕ್ಟರಿಗೆ ಫೋನು. ಈಗ ವಾರ ಕಳೆದಿರುವುದರಿಂದ ಆ ಡೋಸು ಮತ್ತೆ ಹಾಕುವುದಿಲ್ಲ. ಮೂರನೆಯದು ಹೇಗೂ ಇದೆ. ಅಧ್ಯಕ್ಷೆ ಸಂಶೋಧನೆಯಲ್ಲಿ ಉಳಿಯುತ್ತಾಳೆ. ಅವಳ ಸಾಲಿನ ಪಕ್ಕದಲ್ಲಿ ಒಂದು ಗುರುತು ಇರುತ್ತದೆ, ಅಷ್ಟೇ.

"ಮಗುಗೆ ಏನಾದ್ರೂ..."

"ಒಂದು ಡೋಸ್ ಹೋಗಿರಬಹುದು, ಸ್ವಲ್ಪ ಒಳಗೆ ಉಳಿದಿರಲೂಬಹುದು. ಮೊದಲನೆಯದು ಇದೆ, ಮೂರನೆಯದು ಬರುತ್ತೆ." ಪೆನ್ನು ಮುಚ್ಚಿದಳು. "ಅಮ್ಮಾ, ಮುನ್ನೂರು ಮಕ್ಕಳಲ್ಲಿ ಉಗಿದಿದ್ದು ಎಷ್ಟೋ ಇರುತ್ತೆ. ತಾವಾಗಿ ಹೇಳಿದವರಲ್ಲಿ ನೀವು ಮೂರನೆಯವರು. ಉಳಿದವರು ಯಾಕೆ ಹೇಳಲ್ಲ ಗೊತ್ತಾ?"

"ಆ ಬೋರ್ಡು."

"ಬೋರ್ಡು. ಬೋರ್ಡಿಗಿಂತ ಮೊದಲು ಬೋರ್ಡಿನಂತೆ ಬೈಯೋ ನಾವು."

ಟೀ ಕುಡಿಯುತ್ತಾ ಹಳೆಯದನ್ನೂ ಕೇಳಿಬಿಟ್ಟೆ. ನನ್ನದು ಎಂದಲ್ಲ, ಪರಿಚಯದವರ ಮನೆಯದು ಎಂದು. ಆ ಕಾಲದಲ್ಲಿ ಒಂದು ಮಗು ಒಂದು ಹನಿ ಉಗಿಯದೆ ನುಂಗಿದ್ದರೆ ಕಾಲು ಉಳಿಯುತ್ತಿತ್ತೇ?

"ಗೊತ್ತಿಲ್ಲಮ್ಮಾ. ಒಂದೇ ಡೋಸು ಎಲ್ಲಾ ಮಕ್ಕಳಿಗೂ ಹಿಡಿಯಲ್ಲ. ಹೊಟ್ಟೆ ಕೆಟ್ಟಿದ್ರೆ, ಬೇರೆ ಸೋಂಕಿದ್ರೆ ಇನ್ನೂ ಕಮ್ಮಿ. ಅದಕ್ಕೇ ಎಷ್ಟೋ ಸಲ ಹಾಕೋದು. ಉಳೀತಿತ್ತು ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಇಲ್ಲ." ಟೀ ಲೋಟ ಕೆಳಗಿಟ್ಟಳು. "ಪರಿಚಯದವರಿಗೆ ಹೇಳಿ, ಒಂಬತ್ತು ವರ್ಷದ ಹುಡುಗಿ ಕೈಗೆ ಮಗು ಕೊಟ್ಟು ಕಳಿಸಿದ ಊರಿನದೂ ಅದರಲ್ಲಿ ಪಾಲಿದೆ ಅಂತ."

ವಯಸ್ಸು ನಾನು ಹೇಳಿದ್ದೆನೇ? ಹೇಳಿರಬೇಕು.

ಜುಲೈ 9, ಸಂಜೆ 6

ಮಗಳಿಗೂ ಹೇಳಿದೆ. ಮುಖ ಗಟ್ಟಿಯಾಯಿತು. ಅಧ್ಯಕ್ಷೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆ ಅರ್ಧ ಗಂಟೆ ಉದ್ದವಾಗಿತ್ತು. ನಂತರ ತಿರುಗಿ ತಂದುಕೊಟ್ಟಳು.

"ಹಿಡ್ಕೋ. ನನಗೆ ಅಡುಗೆ ಇದೆ. ಅಮ್ಮಾ, ಅವತ್ತೇ ಹೇಳಿದ್ರೆ ಒಂದು ಹನಿ ಸಾಕಿತ್ತು."

"ಹೌದು."

"ಸೂಪರಿಂಟೆಂಡೆಂಟರಿಗೆ ಇನ್ನೊಂದೂವರೆ ಪುಟ ಬರಿ. ಬೇಜವಾಬ್ದಾರಿ ನಾಗರಿಕರ ಹೆಸರು ಈಗ ಸಿಕ್ಕಿದೆ."

ಅಳಿಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರು ಅಲುಗಾಡುತ್ತಿತ್ತು.

ಜುಲೈ 14, ಸಂಜೆ

ತಮ್ಮನ ಅಂಗಡಿ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋದೆ. ಮಗುವನ್ನು ಒಯ್ಯಲಿಲ್ಲ. ಅದನ್ನು ನೋಡಿಯೇ ಅವನಿಗೆ ಅರ್ಥವಾಯಿತೇನೋ, ಸ್ಟೂಲು ಸರಿಸಿದ.

ಹೇಳಿದೆ. ಸಾಲು, ಗುಲಾಬಿ ಹನಿ, ಉಗಿದದ್ದು, ಹಡಗು. ಯಾವುದೂ ಬಿಡಲಿಲ್ಲ. ಅವನು ಹಿತ್ತಾಳೆ ತಟ್ಟೆ ಉಜ್ಜುತ್ತಲೇ ಇದ್ದ.

"ಅಕ್ಕಾ, ಆ ಅರ್ಧ ಕಿಲೋ ತೂಕದ ಕಲ್ಲು ಕೊಡು."

ಕೊಟ್ಟೆ. ತಟ್ಟೆಯ ಮೇಲಿಟ್ಟು, ಮುಳ್ಳು ನಿಲ್ಲುವವರೆಗೂ ಕಾದ.

"ಫ್ರಾಕಿನ ಕಲೆ ಹೋಗಿರಲಿಲ್ಲ," ಅಂದ.

"ಏನು?"

"ನೀನು ನೆನೆಹಾಕಿದ್ದೆ. ಒಗೆದಿದ್ದು ಅಮ್ಮ. ಗುಲಾಬಿ ಕಲೆ ನೋಡಿದಳು, ನಿನ್ನ ಮುಖ ನೋಡಿದಳು, ಗೊತ್ತಾಯ್ತು. ನಾನು ಅಂಗಡಿ ಇಟ್ಟ ವರ್ಷ ನನಗೆ ಹೇಳಿದಳು. ಮುಂದಿನ ವಾರ ತಾನೇ ಎತ್ತಿಕೊಂಡು ಹೋಗೋಣ ಅಂತಿದ್ದಳಂತೆ. ಅವಳ ಜ್ವರ ಬಿಡೋಷ್ಟರಲ್ಲಿ ಹನಿ ಹಾಕೋರು ಕೋಣೆ ಖಾಲಿ ಮಾಡಿ ಹೊರಟುಹೋಗಿದ್ದರು."

ಕಾಂಪೌಂಡರು. ಚೀಟಿ. ಸೆರಗಿನ ಗಂಟು. ಅವಳ ತಂಟೆಗೆ ಬರಬೇಡಿ... ಅಮ್ಮ ಎಲ್ಲಾ ಗೊತ್ತಿದ್ದೇ ನಿಂತಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"'ಅವಳಿಗೆ ಹೇಳಬೇಡ, ಅವಳೇ ಒಂದು ದಿನ ಹೇಳ್ತಾಳೆ' ಅಂದಿದ್ದಳು. ಕಾದೆ. ಎರಡು ವರ್ಷ ಕಾದೆ. ಆಮೇಲೆ ಮದುವೆ, ಮಕ್ಕಳು, ತಕ್ಕಡಿ... ಮರೆತೇಹೋಯ್ತು ಕಣಕ್ಕಾ."

"ಮರೆತೆಯಾ? ಕಾಲು?"

"ಕಾಲು ನನ್ನದು. ದಿನಾ ಜೊತೇಲಿರುತ್ತೆ, ನೆನಪಿಟ್ಟುಕೊಳ್ಳೋ ಕೆಲಸ ಇಲ್ಲ. ನಾನು ಉಗಿದ ಕತೆ ಮರೆತೆ." ತಟ್ಟೆ ಎತ್ತಿ ಬೆಳಕಿಗೆ ಹಿಡಿದ. "ಸಣ್ಣವನಿದ್ದಾಗ ನನ್ನ ಎತ್ತಿಕೊಂಡು ಶಾಲೆಗೆ ಹೋಗ್ತಿದ್ದೆಯಲ್ಲ. ಐದು ವರ್ಷ. ಅದಕ್ಕೇನಾ?"

"ಅದಕ್ಕೂ."

"ಒಳ್ಳೇದಾಯ್ತು ಬಿಡು. ಇಲ್ಲಾಂದ್ರೆ ನೀನು ಪುಸ್ತಕ ಬಿಟ್ಟು ಎದ್ದೇಳೋಳಾ?"

ನಕ್ಕೆ. ಕಣ್ಣು ಒರೆಸಿಕೊಂಡೆ. ಅವನು ನೋಡದವನಂತೆ ಮುಳ್ಳಿಗೆ ಎಣ್ಣೆ ಬಿಟ್ಟ. ಡಬ್ಬಿ ಮೇಡಂ ಹೇಳಿದ್ದನ್ನು ಹೇಳಿದೆ: ನುಂಗಿದ್ದರೂ ಹಿಡಿಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

"ಹಾಗಾದ್ರೆ ಮುಳ್ಳು ನಡುವೆ ನಿಂತಿದೆ," ಅಂದ. "ಆ ಥರ ತಕ್ಕಡಿಗೆ ರಿಪೇರಿ ಬೇಡ, ನಾನು ಮುಟ್ಟಲ್ಲ."

ಹೊರಡುವಾಗ ಕೂಗಿದ. "ಅಕ್ಕಾ, ಆ ಹಡಗು ಏನಾಯ್ತು?"

"ದಡ ಸೇರ್ತು."

"ಅಷ್ಟು ಸಾಕು."

ಜುಲೈ 22

ಸೂಪರಿಂಟೆಂಡೆಂಟರಿಗೆ ಮತ್ತೊಂದು ಪತ್ರ. ಈ ಸಲ ಅರ್ಧ ಪುಟ. "ಬೇಜವಾಬ್ದಾರಿ" ಎಂಬ ಪದ ಇಲ್ಲ. ಏನಾಯಿತು ಎಂದು ಬರೆದೆ, ಸಹಿ ಹಾಕಿದೆ. ಬೋರ್ಡಿಗೆ ಬೇರೆ ಮಾತು ಸೂಚಿಸಿದೆ. ಎರಡೇ ಸಾಲು. ಕೋಪ ಇಲ್ಲದೆ ಬರೆಯುವುದು ಕಷ್ಟ, ನಾಲ್ಕು ಕರಡು ಹರಿದೆ.

ಅಧ್ಯಕ್ಷೆ ಇಂದು ಮೊದಲ ಸಲ ತಾನಾಗಿ ಮಗ್ಗುಲಾದಳು. ಏಳನೇ ಡಬ್ಬಿ ಭರ್ತಿ. ಅಳಿಯ ಈಗ ಫ್ರೀಜರಿನ ಎಡಮೂಲೆಗೆ ತಾನೇ ಒಂದು ಪುಟ್ಟ ಬಾಗಿಲು ಮಾಡಿಕೊಟ್ಟಿದ್ದಾನೆ, ಚಿಲಕ ಸಮೇತ. ಲಿಫ್ಟಿನದಂತೆ ಕ್ಲಿಕ್ ಎನ್ನುತ್ತದೆ.

ಜುಲೈ 30, 11:05. ಆಸ್ಪತ್ರೆ, ನೀಲಿ ಕುರ್ಚಿ

ಮೂರನೇ ಡೋಸು ಆಯಿತು. ಡಬ್ಬಿ ಮೇಡಂ ತಾನೇ ಹಾಕಿದಳು. ಒಂದು ಹನಿಯೂ ಹೊರಗಿಲ್ಲ.

ತಮ್ಮ ಜೊತೆಗೆ ಬಂದಿದ್ದಾನೆ. ನನ್ನನ್ನು ಕಾಯಲು. ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಾನೆ. ಅಧ್ಯಕ್ಷೆ ಅವನ ಎದೆಗೆ ಒರಗಿ ನೆಟ್ಟಗೆ. ನನಗೆ ಈ ಪುಸ್ತಕ ಕೊಟ್ಟು, "ಬರೀತಾ ಕೂತ್ಕೋ. ಬರೆಯುವಾಗ ನೀನು ಜಗಳ ಆಡಲ್ಲ," ಎಂದ.

ಎದುರಿನ ಬೋರ್ಡು ಬದಲಾಗಿದೆ. "ಮಗು ಹನಿ ಉಗಿದರೆ ನಮಗೆ ಹೇಳಿ, ಮತ್ತೆ ಹಾಕುತ್ತೇವೆ. ಯಾರೂ ಬೈಯುವುದಿಲ್ಲ." ನನ್ನ ಎರಡು ಸಾಲು. ಗುಮಾಸ್ತ ಕಿಟಕಿಯಿಂದ ಕೈ ಎತ್ತಿದ. "ನಾನು ಬರೆದಿದ್ದಲ್ಲಮ್ಮ," ಅಂದ.

11:10. ಐದು ನಿಮಿಷ. ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ ಎದ್ದು ನರ್ಸಿನ ಕಡೆ ಹೋದಳು. "ಸಿಸ್ಟರ್, ಸ್ವಲ್ಪ ಹೊರಗೆ ಬಂತು." ಸಿಸ್ಟರು ಸೀಸೆ ತೆಗೆದಳು. ಅಷ್ಟೇ. ಎಷ್ಟು ಸಣ್ಣ ಮಾತು.

11:15. ಹತ್ತು. ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ. ಬರೆಯಬೇಕು. ಇವತ್ತಲ್ಲ.

11:18. ಹದಿಮೂರು. ಅಧ್ಯಕ್ಷೆ ಬೋರ್ಡನ್ನು ನೋಡುತ್ತಿದ್ದಾಳೆ. ಓದುವವಳಂತೆಯೇ. ಹೊಟ್ಟೆಯೊಳಗೆ ಹೊಸಬ ಕುರ್ಚಿ ಹುಡುಕುತ್ತಿರಬೇಕು. ಒಂದಾದರೂ ಖಾಲಿ ಇರಲಿ.

11:19. ಹದಿನಾಲ್ಕು. ತಮ್ಮ ಉಸಿರು ಬಿಗಿ ಹಿಡಿದಿದ್ದಾನೆ. ನಾನೂ. ಅಧ್ಯಕ್ಷೆ ನನ್ನ ಕಡೆ ತಿರುಗಿದಳು, ಹುಬ್ಬು ಏರಿಸಿದಳು, ಬಾಯಿ ತೆರೆದಳು —